ಮಾರ್ಜಿನ್

"ಇಷ್ಟು ಚೆನ್ನಾಗಿ ಬರೆಯೋ ಹುಡುಗಿಗೆ ನಮ್ಮ ಶಾಲೆ ಯಾಕಮ್ಮಾ?"

ವಿಶೇಷ ಶಾಲೆಯ ಮೇಡಂ ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಿದ್ದರು. ನೀಲಿ ಕಾಗದದ ಹೊದಿಕೆ ಹಾಕಿದ ಸಮಾಜದ ನೋಟುಬುಕ್ಕು. ಪ್ರತಿ ಪುಟದ ಎಡಬದಿಗೆ ಕೆಂಪು ಪೆನ್ಸಿಲಿನಿಂದ ಎಳೆದ ಮಾರ್ಜಿನ್ ಗೆರೆ. ಗೆರೆಯ ಈಚೆಗೆ ದುಂಡನೆಯ, ತುಸು ಎಡಕ್ಕೆ ವಾಲಿದ ಅಕ್ಷರಗಳು. ನಡುನಡುವೆ ಒಂದೆರಡು ತಪ್ಪು, ಅದರ ಸುತ್ತ ಟೀಚರ್ ಎಳೆದ ಸೊನ್ನೆ, ಪುಟದ ಕೆಳಗೆ ಸಹಿ.

ತಾಯಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪಕ್ಕದ ತಗ್ಗು ಮೇಜಿನ ಮುಂದೆ ಹದಿಮೂರು ವರ್ಷದ ಮಗಳು ತೂತಿನ ಹಲಗೆಗೆ ಬಣ್ಣದ ಮರದ ಮೊಳೆಗಳನ್ನು ಸಿಕ್ಕಿಸುತ್ತಿದ್ದಳು. ಮೊದಲು ಕೆಂಪೆಲ್ಲ, ಆಮೇಲೆ ಹಳದಿಯೆಲ್ಲ. ಚಿಕ್ಕಂದಿನಲ್ಲಿ ನಿಂತಲ್ಲೇ ಗಿರಗಿರ ತಿರುಗುತ್ತಿದ್ದವಳಿಗೆ ಅವಳಪ್ಪ ಬುಗುರಿ ಎಂದು ಹೆಸರಿಟ್ಟಿದ್ದ. ಈಗಲೂ ಮನೆಯಲ್ಲಿ, ಬೀದಿಯಲ್ಲಿ ಅದೇ ಹೆಸರು.

ಕಳೆದ ಒಂದು ಗಂಟೆಯಲ್ಲಿ ಮೇಡಂ ಬುಗುರಿಗೆ ಹತ್ತಾರು ಪ್ರಶ್ನೆ ಕೇಳಿದ್ದರು. ಏಳು ದೊಡ್ಡದೋ ಒಂಬತ್ತು ದೊಡ್ಡದೋ ಎಂದಾಗ ಬುಗುರಿ "ಹೌದು" ಎಂದಿದ್ದಳು. ಒಂದು ಸಾಲು ಓದು ಎಂದಾಗ ಕಿಟಕಿಯಾಚೆ ನೋಡಿ, "ಆ ನಾಯಿ ಆವಾಗಿಂದ ಮಲಗಿದೆ. ಜ್ವರ ಬಂದಿರಬೇಕು" ಎಂದಿದ್ದಳು.

"ಹೊಸ ಜಾಗ ಅಂದ್ರೆ ಕೆಲವು ಮಕ್ಕಳು ಹೀಗೇ," ಎಂದರು ಮೇಡಂ. "ಗೊತ್ತಿದ್ರೂ ಬಾಯಿ ಬಿಡಲ್ಲ. ಅದಕ್ಕೇ ನಾವು ಹಿಂದಿನ ವರ್ಷದ ನೋಟುಬುಕ್ಕು ತನ್ನಿ ಅನ್ನೋದು. ಒಂದು ಗಂಟೇಲಿ ಮಗು ಏನು ತೋರಿಸುತ್ತೆ? ಇದರಲ್ಲಿ ವರ್ಷದ ಕೆಲಸ ಇದೆ. ನೋಡಿ, ನದಿಗಳ ಬಗ್ಗೆ ಒಂದೂವರೆ ಪುಟ ಬರೆದಿದ್ದಾಳೆ."

"ನಂದು," ಎಂದಳು ಬುಗುರಿ, ಮೊಳೆಯಿಂದ ಕಣ್ಣು ತೆಗೆಯದೆ. "ಎಲ್ಲಾ ನಂದೇ. ಗಣಿತದ್ದೂ ಇದೆ."

ತಾಯಿ ಮುಂದಕ್ಕೆ ಬಾಗಿದಳು. "ಮೇಡಂ, ಇವಳನ್ನ ಸ್ವಲ್ಪ ಹೊರಗೆ ಕೂರಿಸಿ ಮಾತಾಡಬಹುದಾ?"

"ಇಲ್ಲಮ್ಮಾ." ಮೇಡಂ ಮೆತ್ತಗೆ ಹೇಳಿದರು, ಈ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುವವರ ಹಾಗೆ. "ಇಲ್ಲಿ ಒಂದು ನಿಯಮ ಇದೆ. ಮಗುವಿನ ಬಗ್ಗೆ ಮಗುವಿನ ಬೆನ್ನ ಹಿಂದೆ ಮಾತಾಡಲ್ಲ. ಈ ಮಕ್ಕಳು ಹುಟ್ಟಿದಾಗಿಂದ ಬಾಗಿಲಾಚೆ ಕೂತು ಬಾಗಿಲೊಳಗಿನ ಮಾತು ಕೇಳಿಸಿಕೊಂಡಿರ್ತಾರೆ. ಏನಿದ್ರೂ ಅವಳೆದುರಿಗೇ ಹೇಳಿ."

ತಾಯಿ ಮಗಳ ಕಡೆ ನೋಡಿ, ಸೀಟಿನ ಮಾತು ಎತ್ತಿದಳು.

ಎಂಟು ಸೀಟಿಗೆ ಅರವತ್ತೊಂದು ಅರ್ಜಿ ಬಂದಿದೆ ಎಂದರು ಮೇಡಂ. ಓದು ಬರಹ ಏನೂ ಹತ್ತದ ಮಕ್ಕಳಿಗೆ ಮೊದಲು. ಈ ನೋಟುಬುಕ್ಕು, ಈ ಅಂಕಪಟ್ಟಿ ಇಟ್ಟರೆ ಸಮಿತಿಯವರು ಒಪ್ಪುವುದಿಲ್ಲ. ಮಾಮೂಲಿ ಹೈಸ್ಕೂಲಿಗೇ ಹಾಕಿ, ಸಂಭಾಳಿಸುತ್ತಾಳೆ. ಆದರೂ ಬುಧವಾರದ ತನಕ ಪಟ್ಟಿ ಮುಚ್ಚುವುದಿಲ್ಲ. ಅಷ್ಟು ಹೇಳಿ ನೋಟುಬುಕ್ಕುಗಳನ್ನು ಜೋಡಿಸಿ ಬುಗುರಿಯ ಕೈಗೇ ಕೊಟ್ಟರು. ಬುಗುರಿ ಅವನ್ನು ಎದೆಗೆ ಅವುಚಿಕೊಂಡಳು.

ಹೊರಗೆ ಬರುವಾಗ ತೆರೆದ ಬಾಗಿಲೊಂದರಲ್ಲಿ ತಾಯಿ ಒಂದು ದೃಶ್ಯ ಕಂಡಳು. ತನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ನೆಲದ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಒಬ್ಬ ಟೀಚರ್, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಲೇಸು ಜಾರಿತು. ಹುಡುಗಿ ಮತ್ತೆ ಹಿಡಿದಳು. ಮತ್ತೆ ಜಾರಿತು. ಟೀಚರ್ ಕೈ ಮುಂದೆ ಬರಲಿಲ್ಲ. ತಾಯಿ ನೋಡುತ್ತಾ ನಿಂತಳು. ಬುಗುರಿಯ ಲೇಸನ್ನು ಇವತ್ತು ಬೆಳಗ್ಗೆಯೂ ತಾನೇ ಕಟ್ಟಿದ್ದಳು.

ಆ ಸೀಟು ಬೇಕು ಎಂದು ಅವಳಿಗೆ ಖಚಿತವಾದದ್ದು ಆ ಬಾಗಿಲಲ್ಲಿ.

ಅರ್ಜಿಯಲ್ಲಿ 'ಯಾವುದಾದರೂ ಎರಡು ನೋಟುಬುಕ್ಕು' ಎಂದಷ್ಟೇ ಇತ್ತು. ಹಿಂದಿನ ಸಂಜೆ ಅವಳು ವರ್ಷದ ಹನ್ನೊಂದು ನೋಟುಬುಕ್ಕನ್ನೂ ನೆಲದ ಮೇಲೆ ಹರಡಿಕೊಂಡು, ಎಲ್ಲಕ್ಕಿಂತ ಚೆನ್ನಾಗಿದ್ದ ಎರಡನ್ನು ಆರಿಸಿ ಹೊಸ ಹೊದಿಕೆ ಹಾಕಿದ್ದಳು. ನಾಲ್ಕು ಜನರ ಮುಂದೆ ಮಗಳನ್ನು ತಲೆ ಬಾಚಿಯೇ ನಿಲ್ಲಿಸುವ ಅಭ್ಯಾಸ. ಇಲ್ಲಿ ತಲೆ ಕೆದರಿದ್ದರೇ ಒಳ್ಳೆಯದು ಎಂದು ಹೊಳೆದಿರಲಿಲ್ಲ.

ಮಧ್ಯಾಹ್ನ ಮಗಳನ್ನು ಮನೆಯಲ್ಲಿ ಅತ್ತೆಯ ಬಳಿ ಬಿಟ್ಟು ಅವಳು ಅಂಗಡಿಗೆ ಹೋದಳು. ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಕೆಳಗೆ ಅವಳ ಸ್ಟೂಲು. ಹುಳ ತಿಂದ ಕೋಟು, ಮೊಳೆಗೆ ಸಿಕ್ಕಿ ಹರಿದ ಸೀರೆ, ಬೀಡಿ ಕಿಡಿ ಬಿದ್ದ ಪ್ಯಾಂಟು, ಎಲ್ಲ ಅವಳ ಮಡಿಲಿಗೆ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಹಾಸು ಹೊಕ್ಕು ನೇಯ್ದು ಮುಚ್ಚುವುದು ರಫೂ ಕೆಲಸ. ಹರಿದದ್ದು ಎಲ್ಲಿ ಎಂದು ಹರಿದುಕೊಂಡವರಿಗೇ ಗೊತ್ತಾಗಬಾರದು. ಓದಿದ್ದು ಬೇರೆ, ಸಿಕ್ಕಿದ್ದು ಇದು.

"ಏನ್ ತಂಗೀ, ಪಾಸಾ ಫೇಲಾ?" ಎಂದ ಇಸ್ತ್ರಿಯವನು, ಆವಿಯ ಮಧ್ಯದಿಂದ.

"ಪಾಸು."

"ಮತ್ತೆ ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?"

"ಪಾಸಾಗಿದ್ದಕ್ಕೇ ಅಣ್ಣ."

ಅವನು ಪೆಟ್ಟಿಗೆ ಎತ್ತಿ ನಿಲ್ಲಿಸಿ ಒಂದು ಕ್ಷಣ ನೋಡಿದ. "ಈ ಕಾಲದಲ್ಲಿ ಫೇಲಾಗೋಕೂ ಸೀಟಿಲ್ಲ ಅನ್ನು," ಎಂದು ನಕ್ಕ. ಅವಳು ನಗದಿದ್ದುದನ್ನು ಕಂಡು ಕಾಲರಿನ ಕಡೆ ತಿರುಗಿದ.

ಕೋಟಿನ ತೋಳಿನಲ್ಲಿ ಹೆಸರುಕಾಳಿನಷ್ಟು ತೂತಿತ್ತು. ಸೂಜಿಗೆ ನೂಲು ಪೋಣಿಸಲು ಅವಳಿಗೆ ಆ ದಿನ ಮೂರು ಸಲ ಬೇಕಾಯಿತು.

ಗಂಡನಿದ್ದಷ್ಟು ದಿನ ಮಗಳ ಪಾಠ ಅವನದೇ. ಒಂದು ಸಾಲಿಗೆ ಒಂದು ಗಂಟೆ ಹಿಡಿದರೂ ಕೂತಿರುತ್ತಿದ್ದ. ಕೊನೆಗೆ ನೋಟುಬುಕ್ಕಿನಲ್ಲಿ ಇರುತ್ತಿದ್ದದ್ದು ಎರಡು ಅಕ್ಷರ, ಅವೂ ಗೆರೆ ಬಿಟ್ಟು ಕೆಳಗೆ. "ಇವತ್ತಿಗೆ ಇಷ್ಟು. ನಾಳೆ ಎಲ್ಲಿಗೆ ಓಡಿಹೋಗುತ್ತೆ?" ಅನ್ನುತ್ತಿದ್ದ. ಲಿಫ್ಟು ರಿಪೇರಿ ಅವನ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ಹೋದವನು ಬರಲಿಲ್ಲ. ಅವನ ಊಟದ ಡಬ್ಬಿಯನ್ನು ಯಾರೋ ತಂದುಕೊಟ್ಟರು. ಮುಚ್ಚಳ ತೆರೆದಿರಲಿಲ್ಲ.

ಅದಾದ ಮೇಲೆ ಎರಡು ತಿಂಗಳು ಬುಗುರಿಯ ನೋಟುಬುಕ್ಕು ಖಾಲಿ ಇತ್ತು. ಹೀಗೇ ಇದ್ದರೆ ಮುಂದಿನ ಕ್ಲಾಸಿಗೆ ಕಳಿಸುವುದು ಹೇಗೆ ಎಂದು ಟೀಚರ್ ಹೇಳಿ ಕಳಿಸಿದರು. ಅವತ್ತು ಅಂಗಡಿಯಿಂದ ಬಂದವಳಿಗೆ ಕೂತು ಹೇಳಿಕೊಡುವ ಶಕ್ತಿ ಇರಲಿಲ್ಲ. ಇದೊಂದು ದಿನ ಎಂದುಕೊಂಡು, ಬೆಳಗ್ಗೆ ಹಾಲು ಕಾಯುವ ಹೊತ್ತಿನಲ್ಲಿ, ಒಲೆಯ ಪಕ್ಕ ನಿಂತು ತಾನೇ ಒಂದು ಪುಟ ಬರೆದಳು. ಎಡಗೈಯಲ್ಲಿ ಬರೆದರೆ ಮಗುವಿನ ಅಕ್ಷರದ ಹಾಗೆ ಕಾಣುತ್ತಿತ್ತು. ಒಂದೆರಡು ತಪ್ಪು ಬೇಕೆಂದೇ ಬಿಟ್ಟಳು. ಹೊಸ ಎಳೆ ತೀರ ನಯವಾಗಿದ್ದರೆ ಎದ್ದು ಕಾಣುತ್ತದೆ.

ಆ ಒಂದು ದಿನ ನಾಲ್ಕು ವರ್ಷವಾಯಿತು.

ಬುಗುರಿಯ ಪಾಲಿಗೆ ಬಂದದ್ದು ಮಾರ್ಜಿನ್ ಮಾತ್ರ. ಸಂಜೆ ಕೈಕಾಲು ತೊಳೆದು, ಮರದ ಸ್ಕೇಲು ಇಟ್ಟು, ನಾಲಿಗೆ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು. ಒಂದು ಕೂದಲಿನಷ್ಟೂ ಸೊಟ್ಟಗಾಗಬಾರದು. ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯುತ್ತಿದ್ದಳು. ಆಮೇಲೆ ಪುಸ್ತಕ ಮುಚ್ಚಿ ಮಲಗುತ್ತಿದ್ದಳು. ಬೆಳಗ್ಗೆ ತೆರೆದರೆ ಪುಟ ತುಂಬಿರುತ್ತಿತ್ತು. ಗೆರೆ ಹಾಕಿ ಮಲಗಿದರೆ ಅಕ್ಷರ ಬರುತ್ತದೆ, ಬರೆಯುವುದೆಂದರೆ ಹೀಗೇ ಎಂದು ಅವಳು ತಿಳಿದಿದ್ದಳು. ಯಾರೂ ಅವಳಿಗೆ ಬೇರೆ ಹೇಳಿರಲಿಲ್ಲ. ಹಾಲಿನವನಿಗೆ, ಪಕ್ಕದ ಮನೆಯವರಿಗೆ, ಬಾಗಿಲಿಗೆ ಬಂದ ಮೀಟರ್ ರೀಡರಿಗೆ ನೋಟುಬುಕ್ಕು ತೆಗೆದು ತೋರಿಸುತ್ತಿದ್ದಳು. "ನಾನು ಬರೆದಿದ್ದು." ಅವರು ಶಭಾಷ್ ಅನ್ನುತ್ತಿದ್ದರು. ತಾಯಿ ಬಾಗಿಲ ಹಿಂದೆ ನಿಂತು ಅದನ್ನು ಕೇಳುತ್ತಿದ್ದಳು. ದಿನದಲ್ಲಿ ಅವಳ ಕಿವಿಗೆ ಬೀಳುತ್ತಿದ್ದ ಒಳ್ಳೆಯ ಮಾತು ಅದೊಂದೇ.

ಟೀಚರಿಗೆ ಗೊತ್ತಿತ್ತು. ಪರೀಕ್ಷೆಯ ಅಂಕವನ್ನೂ ಅವರು ನೋಟುಬುಕ್ಕು ನೋಡಿಯೇ ಹಾಕುತ್ತಿದ್ದರು. ಇಬ್ಬರೂ ಒಮ್ಮೆಯೂ ಅದರ ಬಗ್ಗೆ ಮಾತಾಡಿರಲಿಲ್ಲ. ಗುರುವಾರ ತಾಯಿ, ರಜೆಯಲ್ಲೂ ಕೆಲಸಕ್ಕೆ ಬಂದಿದ್ದ ಅವರನ್ನು ಹಳೆಯ ಶಾಲೆಯ ಗೇಟಿನಲ್ಲಿ ನಿಲ್ಲಿಸಿದಳು.

"ಟೀಚರ್, ಒಂದು ಕಾಗದ ಬರೆದುಕೊಡಿ. ಇವಳಿಗೆ ಬರೆಯೋಕೆ ಬರಲ್ಲ ಅಂತ. ಅಷ್ಟೇ ಸಾಕು."

"ನಾಲ್ಕು ವರ್ಷ ಟಿಕ್ ಹಾಕಿ ಈಗ ಬರಲ್ಲ ಅಂತ ಬರೆದುಕೊಡಲಾ?" ಟೀಚರ್ ಆಚೀಚೆ ನೋಡಿ ದನಿ ತಗ್ಗಿಸಿದರು. "ನನಗೆ ಇನ್ನೂ ಆರು ವರ್ಷ ಸರ್ವಿಸ್ ಇದೆ. ನಿಮ್ಮ ಕಷ್ಟ ನೋಡಿ ತಾನೆ ನಾನು ಸುಮ್ಮನಿದ್ದದ್ದು? ನಾನೇನಾದ್ರೂ ಕೆಟ್ಟದ್ದು ಮಾಡಿದ್ನಾ ನಿಮಗೆ?"

"ಇಲ್ಲ ಟೀಚರ್."

"ಮತ್ತೆ?" ಅವರ ಕಣ್ಣು ತುಂಬಿತ್ತು. ಅವರು ಕೆಟ್ಟವರಾಗಿರಲಿಲ್ಲ.

ಶುಕ್ರವಾರ ಅಂಗಡಿಯಿಂದಲೇ ವಿಶೇಷ ಶಾಲೆಗೆ ಫೋನ್ ಮಾಡಿದಳು. ಮೇಡಂಗೆ ಒಂದು ವಿಷಯ ಹೇಳಬೇಕು, ಫೋನಿನಲ್ಲೇ ಹೇಳುತ್ತೇನೆ ಎಂದಳು. ಅಲ್ಲಿನ ಗುಮಾಸ್ತೆ, ಮಗುವಿನ ವಿಷಯವಾದರೆ ಮಗುವನ್ನು ಕರೆದುಕೊಂಡು ಬನ್ನಿ ಎಂದಳು. ಕಾಗದ ಬರೆದು ಕಳಿಸಲಾ ಎಂದಳು ತಾಯಿ. ಬರೆದದ್ದನ್ನು ಮಗುವಿನ ಮುಂದೆ ಓದಿ ಹೇಳುತ್ತೇವೆ ಎಂದಳು ಗುಮಾಸ್ತೆ.

ಆ ಸಂಜೆ ಅತ್ತೆ ಮಂಚದ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬುಗುರಿ ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದಳು.

"ಎಲ್ಲರೂ ಹೋಗೋ ಶಾಲೆಗೇ ಹೋಗಲಿ ಬಿಡೇ," ಎಂದಳು ಅತ್ತೆ. "ಆ ಶಾಲೆಗೆ ಹಾಕಿದ್ರೆ ಬೀದಿಗೆಲ್ಲ ಡಂಗುರ ಹೊಡೆದ ಹಾಗೆ. ಇಲ್ಲಿ ತನಕ ಹೇಗೋ ಸರಿದೂಗಿಸಿಲ್ವಾ?"

"ಸರಿದೂಗಿಸಿದ್ದೇ ತಪ್ಪಾಯ್ತು ಅತ್ತೆ. ನಿಮಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ? ಬೆಳಗಾಗೆದ್ದು ಒಲೆ ಮುಂದೆ ನಿಂತು ನೀನು ಎಡಗೈಲಿ ಗೀಚೋದಾ? ನನಗೆ ಮಂಡಿ ಹೋಗಿದೆ. ಕಣ್ಣು ಹೋಗಿಲ್ಲ."

ತಾಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೆ ಆ ಮಗು ಬೆಳಗ್ಗೆ ಎದ್ದು ಬರೀ ಗೆರೆ ನೋಡಿಕೊಂಡು ಕೂತಿರ್ತಿತ್ತು." ಅತ್ತೆ ಎಣ್ಣೆಯ ಬಟ್ಟಲು ಮುಚ್ಚಿದಳು. "ಮಗನ್ನ ಕಳಕೊಂಡ ಮನೇಲಿ ಒಂದು ಪ್ರಾಣಿಯಾದ್ರೂ ಬೆಳಗ್ಗೆ ನಗ್ತಾ ಎದ್ದರೆ ಯಾರಪ್ಪನ ಗಂಟು ಹೋಗುತ್ತೆ ಅಂತ ಸುಮ್ಮನಿದ್ದೆ."

ಬುಗುರಿ ಒದ್ದೆ ಕಾಲಿನಲ್ಲಿ ಒಳಗೆ ಬಂದು ಸ್ಕೇಲು ಹುಡುಕಿದಳು. ಶಾಲೆಗೆ ರಜೆ ಶುರುವಾಗಿ ವಾರವಾಗಿತ್ತು. ಆದರೂ ಗೆರೆ ಹಾಕಿದಳು.

ಸೋಮವಾರ ಅವಳು ಮಗಳನ್ನು ಕರೆದುಕೊಂಡು ಹೈಸ್ಕೂಲಿಗೆ ಹೋದಳು. ಎರಡನ್ನೂ ನೋಡದೆ ತೀರ್ಮಾನಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಒಳಗೊಳಗೆ, ಈ ಶಾಲೆ ಹೇಗಾದರೂ ಆಗಿಬರಲಿ, ಬುಧವಾರ ಆ ಕೋಣೆಯಲ್ಲಿ ಬಾಯಿ ತೆರೆಯುವುದು ತಪ್ಪಲಿ ಎಂದಿತ್ತು.

ಮೂರು ಮಹಡಿಯ ಕಟ್ಟಡ. ರಜೆಯಲ್ಲೂ ಹತ್ತನೆಯ ಕ್ಲಾಸಿನವರಿಗೆ ಪಾಠ ನಡೆಯುತ್ತಿತ್ತು. ಹೆಡ್‌ಮಾಸ್ಟರು ವಯಸ್ಸಾದವರು, ಮೇಜಿನ ಮೇಲೆ ಎರಡು ಕನ್ನಡಕಗಳಿದ್ದವು, ಒಂದಕ್ಕೆ ಕಡ್ಡಿ ಇರಲಿಲ್ಲ. ಬುಗುರಿಗೆ ಒಂದು ಬಿಳಿ ಹಾಳೆ, ಪೆನ್ಸಿಲು ಕೊಟ್ಟು, "ನಿನಗೆ ಇಷ್ಟ ಬಂದದ್ದು ಬರಿಯಮ್ಮ" ಎಂದರು. ಬುಗುರಿ ಚೀಲದಿಂದ ಸ್ಕೇಲು ತೆಗೆದು ಮಾರ್ಜಿನ್ ಎಳೆದಳು. ಹಾಳೆಯನ್ನು ನೇರ ಮಾಡಿ ಇಟ್ಟು, ಕೈ ಕಟ್ಟಿ ಕೂತಳು.

"ಬರಿ."

"ಬರೆದೆ."

ಹೆಡ್‌ಮಾಸ್ಟರು ಹಾಳೆ ನೋಡಿದರು, ತಾಯಿಯನ್ನು ನೋಡಿದರು, ಮತ್ತೇನೂ ಕೇಳಲಿಲ್ಲ. "ಹೊರಗೆ ಆಟದ ಮೈದಾನ ಇದೆ, ನೋಡ್ತಿರು ಹೋಗು ಮಗು," ಎಂದು ಬುಗುರಿಯನ್ನು ಕಳಿಸಿದರು. ಇಲ್ಲಿ ಅಂಥ ನಿಯಮವೇನೂ ಇರಲಿಲ್ಲ.

"ನೋಡಿಮ್ಮಾ. ಇಲ್ಲ ಅನ್ನೋಕೆ ನನಗೆ ಅಧಿಕಾರ ಇಲ್ಲ. ಹಾಕ್ಕೊಳ್ತೀನಿ. ಒಂದೊಂದು ಕ್ಲಾಸಲ್ಲಿ ಅರವತ್ತು, ಅರವತ್ತೈದು. ಕೊನೇ ಬೆಂಚಲ್ಲಿ ಕೂತಿರ್ತಾಳೆ. ನಮ್ಮ ಮೇಷ್ಟ್ರುಗಳು ಬಯ್ಯಲ್ಲ, ಹೊಡೆಯಲ್ಲ. ನೋಡೋದೂ ಇಲ್ಲ." ಕಣ್ಣುಜ್ಜಿಕೊಂಡರು. "ನನ್ನ ತಂಗಿ ಹೀಗೇ ಕೂತಿದ್ದಳು. ಮೂರು ವರ್ಷ. ಅವಳು ಕೂತ ಜಾಗದ ಗೋಡೆಯಲ್ಲಿ ಉಗುರಿನಿಂದ ಕೆರೆದು ಕೆರೆದು ಒಂದು ಹಳ್ಳ ಮಾಡಿದ್ದಳು. ಶಾಲೆಯಿಂದ ಅವಳಿಗೆ ಬಂದ ವಿದ್ಯೆ ಅಷ್ಟು. ಬೇರೆ ಎಲ್ಲಾದ್ರೂ ಸಿಕ್ಕಿದ್ರೆ ನೋಡಿ. ಸಿಗದಿದ್ರೆ ನಾನಿದ್ದೀನಿ."

ತಾಯಿ ಅವರ ಹೆಗಲಾಚೆ ಕಿಟಕಿಯಲ್ಲಿ ನೋಡುತ್ತಿದ್ದಳು. ಮೈದಾನದಲ್ಲಿ ಆರೇಳು ಹುಡುಗಿಯರು ಸುತ್ತ ನಿಂತಿದ್ದರು. ನಡುವೆ ಬುಗುರಿ. ಅವರಲ್ಲಿ ಒಬ್ಬಳು ತಮ್ಮ ಬೀದಿಯವಳೇ. ಹೆಸರು ಹೇಳಿಕೊಟ್ಟವಳು ಅವಳೇ ಇರಬೇಕು. "ತಿರುಗೇ ಬುಗುರಿ, ತಿರುಗು!" ಎಂಬುದು ಗಾಜಿನ ಒಳಗೂ ಕೇಳಿಸಿತು. ಬುಗುರಿ ಎರಡೂ ತೋಳು ಚಾಚಿ ತಿರುಗುತ್ತಿದ್ದಳು. ಲಂಗ ಕೊಡೆಯಂತೆ ಅರಳಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. "ಇನ್ನೂ ಜೋರು! ಇನ್ನೂ!" ಅವಳು ಜೋರಾದಳು. ಬಿದ್ದಳು. ಎದ್ದಳು. ಮತ್ತೆ ತಿರುಗಿದಳು. ಒಬ್ಬಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಗುತ್ತಿದ್ದಳು.

ತಾಯಿ ಹೊರಗೆ ಓಡಿ ಹೋಗುವಷ್ಟರಲ್ಲಿ ಗಂಟೆ ಹೊಡೆದು ಹುಡುಗಿಯರು ಚದುರಿದ್ದರು. ಬುಗುರಿ ಕಂಬ ಹಿಡಿದುಕೊಂಡು ವಾಂತಿ ಮಾಡಿದಳು. ತಾಯಿ ಹಣೆ ಹಿಡಿದಳು. ಬುಗುರಿ ಬಾಯಿ ಒರೆಸಿಕೊಂಡು, ಕೆಂಪೇರಿದ ಮುಖದಲ್ಲಿ ನಕ್ಕಳು.

"ಅಮ್ಮಾ, ಅವರೆಲ್ಲ ನನಗೆ ಚಪ್ಪಾಳೆ ತಟ್ಟಿದ್ರು. ನಾನು ಈ ಶಾಲೆಗೇ ಬರ್ತೀನಿ."

ಬುಧವಾರ ಮೂರು ಗಂಟೆಗೆ ಪಟ್ಟಿ ಮುಚ್ಚುವುದಿತ್ತು. ಎರಡಕ್ಕೆ ಅವರು ಮೇಡಂ ಎದುರು ಕೂತಿದ್ದರು. ಅದೇ ಕೋಣೆ, ಅದೇ ಹಲಗೆ. ಬುಗುರಿ ಮೊಳೆಗಳ ಡಬ್ಬಿಯನ್ನು ತಾನೇ ಹೋಗಿ ತಂದುಕೊಂಡಳು. ತಾಯಿ ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಮಗಳಿಗೆ ಅರ್ಥವಾಗದ ಹಾಗೆ ಹೇಳಬೇಕು. ದೊಡ್ಡ ದೊಡ್ಡ ಮಾತುಗಳಲ್ಲಿ ಹೇಳಿದರೆ ಅವಳು ಕೇಳಿಸಿಕೊಳ್ಳುವುದಿಲ್ಲ.

"ಮೇಡಂ, ಆ ದಾಖಲೆಗಳು ವಾಸ್ತವಕ್ಕೆ ಅನುಗುಣವಾಗಿಲ್ಲ," ಎಂದಳು.

"ಅಂದ್ರೆ?"

"ಅದರ ಕರ್ತೃ ಬೇರೆ."

ಮೇಡಂ ಪೆನ್ನು ಕೆಳಗಿಟ್ಟರು. "ನೀವೇ ಬರೆದದ್ದು ಅಂತೀರಾ?"

ಇಷ್ಟು ಸಣ್ಣ ಮಾತಿನಲ್ಲಿ ಅದು ಹೊರಗೆ ಬಂದಿತು. ತಾಯಿ ಬುಗುರಿಯ ಕಡೆ ನೋಡಿದಳು. ಅವಳು ಹಳದಿ ಮೊಳೆಗಳನ್ನು ಎಣಿಸದೆ ಜೋಡಿಸುತ್ತಿದ್ದಳು. ತಾಯಿ ತಲೆಯಾಡಿಸಿದಳು.

ಮೇಡಂ ಕುರ್ಚಿಗೆ ಒರಗಿದರು. "ಬೇಜಾರು ಮಾಡ್ಕೋಬೇಡಿ. ಈ ಮಾತು ನನಗೆ ಹೊಸದಲ್ಲ. ಕೊನೇ ದಿನ ಬಂದು, ನನ್ನ ಮಗನಿಗೆ ಮಾತೇ ಬರಲ್ಲ ಅಂತ ಒಬ್ಬರು ಕಣ್ಣೀರು ಹಾಕಿದ್ರು. ಆ ಮಗ ಒಳಗೆ ಬರೋ ಮುಂಚೆ ಗುಮಾಸ್ತೆ ಹತ್ರ ಕ್ರಿಕೆಟ್ ಮಾತಾಡಿದ್ದ. ಸೀಟಿಗೋಸ್ಕರ ಅಮ್ಮಂದಿರು ಏನು ಬೇಕಾದ್ರೂ ಹೇಳ್ತಾರೆ. ನಾನಾದ್ರೂ ಹೇಳ್ತಿದ್ನೇನೋ." ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಬರೀರಿ. ನೋಟುಬುಕ್ಕಲ್ಲಿರೋ ಹಾಗೇ. ಆ ನದಿಗಳ ಪಾಠ."

"ಇಲ್ಲೇನಾ?"

"ಇಲ್ಲೇ."

ಹಾಳೆ ಕಂಡ ಕೂಡಲೇ ಬುಗುರಿ ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಚೀಲದಿಂದ ಸ್ಕೇಲು, ಕೆಂಪು ಪೆನ್ಸಿಲು ತೆಗೆದು, ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ನಾಲಿಗೆ ಕಚ್ಚಿ, ಮೇಲಿನಿಂದ ಕೆಳಗೆ ನಿಧಾನವಾಗಿ ಗೆರೆ ಹಾಕಿದಳು. ಮೇಡಂ ಅದನ್ನು ನೋಡಿದರು. ಬುಗುರಿ ಹಾಳೆಯನ್ನು ಮೇಜಿನ ನಡುವಿಗೆ ಸರಿಸಿ, "ಆಯ್ತು. ನಾಳೆ ಬರುತ್ತೆ" ಎಂದಳು.

"ಏನು ಬರುತ್ತೆ ಪುಟ್ಟ?"

"ಅಕ್ಷರ."

ಮೇಡಂ ತಾಯಿಯನ್ನು ನೋಡಿದರು. ಅಲ್ಲಿಗೆ ಸಾಕು ಎನ್ನಬಹುದಿತ್ತು. ಎನ್ನುತ್ತಾರೆ ಎಂದು ತಾಯಿ ಕಾದಳು. ಆದರೆ ಸಮಿತಿಯ ಮುಂದೆ ಇಡಲು ಹಾಳೆ ಬೇಕಿತ್ತು. ಮೇಡಂ ಒಂದು ಪೆನ್ಸಿಲನ್ನು ತಾಯಿಯ ಕಡೆ ಉರುಳಿಸಿದರು.

ತಾಯಿ ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡಳು. ಮೊದಲ ಅಕ್ಷರ ನಿಧಾನವಾಗಿ ಬಂತು. ಎರಡನೆಯದರಿಂದ ಕೈ ತನ್ನಷ್ಟಕ್ಕೆ ಓಡಿತು. ನಾಲ್ಕು ವರ್ಷದ ರೂಢಿ. ದುಂಡನೆಯ, ಎಡಕ್ಕೆ ವಾಲಿದ ಅಕ್ಷರಗಳು ಕೆಂಪು ಗೆರೆಯ ಈಚೆಗೆ ಒಂದರ ಪಕ್ಕ ಒಂದು ಬಂದು ಕೂತವು. ಎರಡನೆಯ ಸಾಲಿನಲ್ಲಿ ತಪ್ಪೊಂದನ್ನು ಬಿಡಬೇಕಾದ ಜಾಗದಲ್ಲಿ ಬಿಟ್ಟಳು. ತಲೆ ಎತ್ತಲಿಲ್ಲ. ಕೋಣೆಯಲ್ಲಿ ಪೆನ್ಸಿಲಿನ ಸದ್ದು ಮಾತ್ರ ಇತ್ತು. ಮೂರನೆಯ ಸಾಲಿಗೆ ಬರುವಾಗ ಮಗಳ ಉಸಿರು ಅವಳ ಕೆನ್ನೆಗೆ ತಾಗಿತು. ಬುಗುರಿ ಬಗ್ಗಿ ನೋಡುತ್ತಿದ್ದಳು.

"ಅಮ್ಮಾ. ಅದು ನನ್ನ ಅಕ್ಷರ."

ತಾಯಿ ಬರೆಯುವುದನ್ನು ನಿಲ್ಲಿಸಿದಳು.

ಬುಗುರಿ ತನ್ನ ಚೀಲದಿಂದ ನೀಲಿ ಹೊದಿಕೆಯ ನೋಟುಬುಕ್ಕನ್ನು ತೆಗೆದು ನದಿಗಳ ಪುಟ ತೆರೆದಳು. ಹಾಳೆಯ ಪಕ್ಕ ಇಟ್ಟಳು. ಇದನ್ನು ನೋಡಿದಳು, ಅದನ್ನು ನೋಡಿದಳು. ತಾಯಿಯ ಎಡಗೈಯನ್ನು ನೋಡಿದಳು. ಅವಳು ಓದಲಾರಳು, ಆದರೆ ಒಂದೇ ಬಗೆಯದನ್ನು ಒಂದೇ ಕಡೆ ಜೋಡಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಬೆರಳನ್ನು ನೋಟುಬುಕ್ಕಿನ ಕೆಂಪು ಗೆರೆಯ ಮೇಲಿಟ್ಟಳು.

"ಇದು ನಂದು."

ಬೆರಳನ್ನು ಅಕ್ಷರಗಳ ಮೇಲೆ ತಂದಳು.

"ಇದು ನಂದಲ್ಲ."

ಪುಟ ಮಗುಚಿದಳು. "ಇದು ನಂದು. ಇದು ನಂದಲ್ಲ." ಇನ್ನೊಂದು ಪುಟ. "ಇದು ನಂದು. ಇದು ನಂದಲ್ಲ." ಅವಳ ದನಿಯಲ್ಲಿ ಅಳುವಿರಲಿಲ್ಲ. ಸಿಟ್ಟೂ ಇರಲಿಲ್ಲ. ಬಟ್ಟೆ ಒಗೆಯಲು ಕೊಟ್ಟವರು ವಾಪಸು ಬಂದದ್ದನ್ನು ಬೇರೆ ಮಾಡುವ ಹಾಗೆ ಪುಟದಿಂದ ಪುಟಕ್ಕೆ ಹೋದಳು. ತಾಯಿ "ಸಾಕು ಬಾರಮ್ಮ" ಎಂದು ಭುಜ ಮುಟ್ಟಿದಳು. ಭುಜ ಅಷ್ಟೇ ಪಕ್ಕಕ್ಕೆ ಸರಿಯಿತು. ನೋಟುಬುಕ್ಕು ಮುಗಿಯುವ ತನಕ ಬುಗುರಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಅದನ್ನು ಮುಚ್ಚಿ, ಎರಡೂ ಕೈಯಿಂದ ತಾಯಿಯ ಮುಂದಕ್ಕೆ ತಳ್ಳಿದಳು.

"ತಗೋ."

ಮೇಡಂ ಕಣ್ಣು ತಗ್ಗಿಸಿ ಫಾರಂ ತುಂಬುತ್ತಿದ್ದರು. ಓದು: ಇಲ್ಲ. ಬರವಣಿಗೆ: ಇಲ್ಲ. ಅಂಕಪಟ್ಟಿ: ಪರಿಗಣಿಸಬಾರದು. ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದರು, ಅದೂ ನಿಯಮವಿರಬೇಕು. ಟೀಚರ ಹೆಸರೇನು ಎಂದು ಕೇಳಿದರು. ತಾಯಿ ಹೇಳಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಕೊನೆಗೆ ಫಾರಂ ತಿರುಗಿಸಿ, "ಇಲ್ಲಿ ಸಹಿ," ಎಂದರು. "ಇನ್ನು ಸೀಟಿನ ಚಿಂತೆ ಬೇಡ. ಸಮಿತಿಗೆ ನಾನು ಹೇಳ್ತೀನಿ. ಸೋಮವಾರ ಎಂಟೂವರೆಗೆ ಕರಕೊಂಡು ಬನ್ನಿ."

ತಾಯಿ ಬಲಗೈಯಿಂದ ಸಹಿ ಹಾಕಿದಳು. ಸಂತೋಷವಾಗಬಹುದು ಎಂದು ಸ್ವಲ್ಪ ಹೊತ್ತು ಕಾದಳು.

ಬಸ್‌ಸ್ಟಾಪಿನ ತನಕ ಬುಗುರಿ ನಾಲ್ಕು ಹೆಜ್ಜೆ ಮುಂದೆ ನಡೆದಳು. ರಸ್ತೆ ದಾಟುವಾಗ ತಾಯಿ ಕೈ ಚಾಚಿದಳು. ಬುಗುರಿ ಎರಡೂ ಕೈಯನ್ನು ಚೀಲದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು. ಹಿಂದಿನಿಂದ ಬಂದ ಸ್ಕೂಟರಿನವನು ಬ್ರೇಕು ಹಾಕಿ, "ಮಗಳನ್ನ ಹಿಡ್ಕೊಳ್ಳಮ್ಮಾ, ಯಾವ ಲೋಕದಲ್ಲಿದ್ದೀಯಾ!" ಎಂದು ಕೂಗಿ ಹೋದ.

ಬಸ್ಸು ತುಂಬಿತ್ತು. ಮುಂದೆ, ಮಡಿಲಲ್ಲಿ ಚೀಲ ಇಟ್ಟುಕೊಂಡ ಹೆಂಗಸೊಬ್ಬಳ ಪಕ್ಕ ಒಂದು ಜಾಗವಿತ್ತು. ಬುಗುರಿ ಹೋಗಿ ಅಲ್ಲಿ ಕೂತಳು. ತಾಯಿಗೆ ಆರು ಸಾಲು ಹಿಂದೆ ಸಿಕ್ಕಿತು. ಅಲ್ಲಿಂದ ಮಗಳ ಬೈತಲೆ, ಎರಡು ಜಡೆ, ಬೆಳಗ್ಗೆ ತಾನೇ ಕಟ್ಟಿದ ರಿಬ್ಬನ್ನು ಕಾಣುತ್ತಿದ್ದವು. ಹೆಂಗಸು ಏನೋ ಕೇಳಿದಳು. ಬುಗುರಿ ಚೀಲ ತೆರೆಯಲಿಲ್ಲ, ಏನನ್ನೂ ತೋರಿಸಲಿಲ್ಲ.

ಅವರ ಸ್ಟಾಪು ಬಂತು. ತಾಯಿ ಎದ್ದು ಕಂಬಿ ಹಿಡಿದಳು. "ಬಾರಮ್ಮಾ, ಬಂತು," ಎಂದಳು. ಬುಗುರಿಗೆ ಆ ಸ್ಟಾಪು ಗೊತ್ತಿತ್ತು. ಮೂಲೆಯ ಹಣ್ಣಿನಂಗಡಿ ಕಂಡ ಕೂಡಲೇ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಏಳಲಿಲ್ಲ.

"ಇಳಿಯೋರು ಬೇಗ ಇಳೀರಿ," ಎಂದ ಕಂಡಕ್ಟರ್. "ಏನಮ್ಮಾ, ನಿಮ್ಮದು ಇದೇ ತಾನೆ?"

ತಾಯಿ ಮಗಳ ತಲೆಯ ಕಡೆ ನೋಡಿದಳು. ಅದು ತಿರುಗಲಿಲ್ಲ.

"ಮುಂದಕ್ಕೆ ಎರಡು ಕೊಡಿ," ಎಂದಳು.

"ಎಲ್ಲಿಗೆ?"

"ಕೊನೇ ಸ್ಟಾಪು."

ಅವಳು ಮತ್ತೆ ತನ್ನ ಜಾಗದಲ್ಲಿ ಕೂತಳು. ಬಸ್ಸು ಮಾರುಕಟ್ಟೆ ದಾಟಿತು, ಗೋದಾಮುಗಳನ್ನು ದಾಟಿತು. ಚೀಲದ ಹೆಂಗಸು ಇಳಿದಳು. ಇನ್ನಿಬ್ಬರು ಇಳಿದರು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಒಳಗೆ ಬಂದು ಸವೆದ ಸೀಟುಗಳ ಮೇಲೆ ಬಿತ್ತು. ಪ್ರತಿ ನಿಲ್ದಾಣಕ್ಕೂ ಜನ ಕಡಿಮೆಯಾದರು. ಅವರಿಬ್ಬರ ನಡುವಿನ ಸಾಲುಗಳು ಒಂದೊಂದಾಗಿ ಖಾಲಿಯಾದವು.